ಬೆಚ್ಚನೆ ಬೆಳಕು

"ದೀಪಾನ ಒಣ ಬಟ್ಟೆಯಲ್ಲಿ ಒರೆಸ್ತಿದ್ದೀಯಾ?" ಥೋರಾ ಕೆಳಗಿನಿಂದ ಕೇಳಿದಳು.

ಏಣಿಯ ಮೇಲಿದ್ದ ಗ್ಯಾಸ್ ಸ್ಥಾವರದ ಮುದಿ ಕೆಲಸಗಾರ ಐನಾರ್ ತಿರುಗಿ ನೋಡಿದ. ಅವನ ಕೈಯಲ್ಲಿ ಹಳೆಯ ಉಣ್ಣೆ ಸ್ವೆಟರಿನ ಹರಿದ ತೋಳಿತ್ತು.

"ಮತ್ತೆ? ಒದ್ದೆ ಬಟ್ಟೆ ಹಾಕಿದ್ರೆ ಕಲೆ ನಿಲ್ಲುತ್ತೆ ಮಗಳೇ. ದಿನಾ ಬೆಳಿಗ್ಗೆ ಹೀಗೇ ಉಜ್ಜಿ ಫಳಫಳ ಅನ್ನಿಸ್ತೀನಿ. ಒಂದೊಂದ್ಸಲ ಚುರುಕ್ ಅಂತ ಬೆರಳು ಕಚ್ಚುತ್ತೆ, ಅಷ್ಟೆ. ಮೊನ್ನೆ ಪುಟಾಣಿ ನೀಲಿ ಕಿಡಿನೂ ಕಾಣಿಸ್ತು." ಮೊಮ್ಮಗುವಿನ ತುಂಟತನವನ್ನು ಹೇಳುವವನ ಹಾಗೆ ಅವನು ನಕ್ಕ.

ಥೋರಾ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದಳು. "ಇಳಿ. ದೀಪ ಮುಟ್ಟಬೇಡ. ಸುಮ್ಮನೆ ಇಳಿದು ಬಾ."

ಅದು ಗ್ಯಾಸ್ ಕೋಣೆ. ಸುತ್ತಲಿನ ಹಂದಿ ಸಾಕುವವರೆಲ್ಲ ಸೇರಿ ಕಟ್ಟಿಸಿದ ಸ್ಥಾವರದ ಹೊಟ್ಟೆ. ಹಂದಿಗಳ ಸಗಣಿ, ಕಸಾಯಿಖಾನೆಯ ಕರುಳು, ಬಂದರಿನಿಂದ ಬರುವ ಮೀನಿನ ತಲೆ, ಎಲ್ಲವೂ ಹೊರಗಿನ ಗುಂಡಿಗೆ ಬಿದ್ದು ಕೊಳೆತು ಗ್ಯಾಸಾಗಿ ಈ ಕೋಣೆಯ ಯಂತ್ರಗಳ ಮೂಲಕ ಊರಿಗೆ ಹೋಗುತ್ತಿತ್ತು. ಬೆಳಿಗ್ಗೆ ಕಾರಿನಿಂದ ಇಳಿದಾಗಲೇ ಆ ನಾತ ಥೋರಾಳ ಗಂಟಲಿಗೆ ಅಂಟಿಕೊಂಡಿತ್ತು. ಅದಕ್ಕೆ ಅವಳು ಬೇಸರಪಟ್ಟವಳಲ್ಲ. ನಾರುವುದು ನಾರುತ್ತದೆ, ಅದರಲ್ಲಿ ಮೋಸವಿಲ್ಲ.

ಇಲ್ಲಿಯ ದೀಪಗಳು ಅವಳ ಕೈಕೂಸುಗಳು. ಗ್ಯಾಸ್ ಸೋರಿದರೂ ಹೊತ್ತಿಕೊಳ್ಳಬಾರದು ಎಂದು ಗಾಜಿನ ದಪ್ಪ, ತಿರುಪಿನ ಬಿಗಿ, ಒಳಗಿನ ಶಾಖ ಎಲ್ಲವನ್ನೂ ಅವಳೇ ಅಳೆದು ತೂಗಿ ಮಾಡಿದ ಎಲ್ಇಡಿ ದೀಪಗಳು. ಶರತ್ಕಾಲದಲ್ಲಿ ಬಂದು ತಾನೇ ನಿಂತು ಹಾಕಿಸಿದಾಗ ಅವು ಹಾಲಿನಂಥ ಬಿಳಿ ಬೆಳಕು ಚೆಲ್ಲಿದ್ದವು. ಈಗ ನೋಡಿದರೆ ಕೋಣೆಯೆಲ್ಲ ಜೇನುತುಪ್ಪದ ಬಣ್ಣ. ಪ್ರತಿ ಗಾಜಿನ ಮೇಲೂ ಯಾರೋ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ನೀಟಾಗಿ ಕತ್ತರಿಸಿ ಅಂಟಿಸಿದ್ದರು. ಒದ್ದೆ ಬಟ್ಟೆಯಲ್ಲಿ ಮಾತ್ರ ಒರೆಸಿ ಎಂಬ ಎಚ್ಚರಿಕೆಯ ಚೀಟಿ ಅದರಡಿ ಮುಚ್ಚಿಹೋಗಿತ್ತು. ಆ ಹಾಳೆಯ ಮೇಲೆ ಉಣ್ಣೆಯನ್ನು ಉಜ್ಜಿದರೆ ಏನಾಗುತ್ತದೆಂದು ಶಾಲೆ ಮಕ್ಕಳಿಗೂ ಗೊತ್ತು. ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎಬ್ಬಿಸದ ಮಕ್ಕಳುಂಟೇ?

"ಗ್ಯಾಸ್ ಸೋರಿದ್ದುಂಟಾ ಇಲ್ಲಿ?" ಅವಳು ಕೇಳಿದಳು.

"ಒಂಚೂರು ಸೋರುತ್ತೆ, ಆ ಪೈಪಿನ ಸಂದಿಲಿ. ಅಲಾರಂ ಆಗಾಗ ಕಿರುಚುತ್ತೆ. ಬಾಗಿಲು ತೆಗೆದಿಟ್ರೆ ಬಾಯಿ ಮುಚ್ಚುತ್ತೆ." ಐನಾರ್ ದೀಪದ ಕಡೆ ಪ್ರೀತಿಯಿಂದ ನೋಡಿದ. "ಹಾಳೆ ಹಾಕಿದ ಮೇಲೆ ಮನೆ ಥರ ಆಗಿದೆ ನೋಡು. ಮುಂಚೆ ಹೆಣ ಕೊಯ್ಯೋ ಕೋಣೆ ಥರ ಇತ್ತು. ನೀನು ಬೇಜಾರು ಮಾಡ್ಕೋಬೇಡ."

"ನಾನು ಬರೋವರೆಗೆ ಯಾವ ದೀಪಕ್ಕೂ ಕೈ ಹಾಕಬೇಡ," ಎಂದಳು ಥೋರಾ. ಯಾಕೆಂದು ಹೇಳಲಿಲ್ಲ. ಹೇಳಿದ್ದರೆ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಆ ಹೊತ್ತಿಗೆ ಅವಳಿಗೆ ತಮ್ಮ ಕಂಪನಿಯ ಒಡೆಯ ಅಸ್ಗರನ ಮುಖ ನೋಡಬೇಕಿತ್ತು.

ಗಾಜಿನ ಗೋಡೆಯಾಚೆಯ ಸಭಾಂಗಣದಲ್ಲಿ, ಸ್ಥಾವರ ಶುರುವಾಗಿ ಎಷ್ಟೋ ದಿನದ ಮೇಲೆ ಇಟ್ಟುಕೊಂಡ ಉದ್ಘಾಟನೆಯ ಸಡಗರ. ನಡುಮಧ್ಯಾಹ್ನವಾದರೂ ಮೇಜುಗಳ ಮೇಲೆಲ್ಲ ಮೇಣದ ಬತ್ತಿ. ಈ ಉತ್ತರದ ಚಳಿನಾಡಿನ ಜನಕ್ಕೆ ಹುಟ್ಟಿದರೂ ಮೇಣದ ಬತ್ತಿ ಬೇಕು, ಸತ್ತರೂ ಬೇಕು, ಬೆಳಗಿನ ಬ್ರೆಡ್ಡಿಗೂ ಬೇಕು. ಬಿಳಿ ಬೆಳಕು ಕಂಡರೆ ಹಾವು ಕಂಡವರ ಹಾಗೆ ಆಡುತ್ತಾರೆ. ಮೂರು ಪದರದ ಕೆನೆ ಕೇಕು, ಅದರ ತುಂಬ ನಾಡಿನ ಕೆಂಪು ಬಿಳಿ ಬಾವುಟಗಳು, ಕಾಗದದವು. ಮೇಯರಮ್ಮ ಕಾಫಿ ಕುಡಿಯುತ್ತಿದ್ದಳು. ರೈತರ ಸಂಘದ ಅಧ್ಯಕ್ಷ ಕ್ರೆಸ್ತೆನ್ ಎಲ್ಲರಿಗೂ ಹಾಡಿನ ಚೀಟಿ ಹಂಚುತ್ತಿದ್ದ. ಎಲ್ಲರಿಗೂ ಗೊತ್ತಿರುವ ಧಾಟಿಗೆ ಹಂದಿ ಸಗಣಿಯ ಮೇಲೆ ಅವನೇ ಪ್ರಾಸ ಕಟ್ಟಿದ್ದ.

ಥೋರಾ ಅಸ್ಗರನನ್ನು ಮೂಲೆಗೆ ಕರೆದಳು. "ಆ ಹಾಳೆ ಅಂಟಿಸಿದ್ದು ಯಾರು?"

"ಮೊದಲು ಕೇಕ್ ತಗೋ. ಕ್ರೆಸ್ತೆನ್ ಹೆಂಡ್ತಿ ಕೈಯಾರೆ ಮಾಡಿದ್ದು."

"ಯಾರು ಅಂದೆ."

"ನಾವೇ ಕಣೇ, ಇನ್ಯಾರು? ನಿನ್ನ ದೀಪ ನೋಡಿ ಕ್ರೆಸ್ತೆನ್ ಏನಂದ ಗೊತ್ತಾ? ಇದರಡಿ ನಮ್ಮ ಜನ ಕೆಲಸ ಮಾಡಲ್ಲ, ಬಿಚ್ಕೊಂಡು ಹೋಗಿ ಅಂದ. ಹಾಳೆ ಅಂಟಿಸಿ ಕೊಟ್ಟೆ, ಮುಖ ಅರಳ್ತು. ಇನ್ನೂ ನಾಲ್ಕೈದು ಊರಿನೋರು ಇವತ್ತು ನೋಡೋಕೆ ಬಂದಿದ್ದಾರೆ."

"ಹಾಳೆ ಬೇಡ ಅಂತ ನಾನು ಮೊದಲೇ ನಿನ್ನ ಎದುರು ಕೂತು ಹೇಳಿದ್ನಲ್ಲ? ಉಜ್ಜಿದ್ರೆ ಕಿಡಿ ಹಾರುತ್ತೆ ಅಂತ?"

"ನೆನಪಿದೆ," ಎಂದ ಅಸ್ಗರ್. ಬೆರಳಿಗೆ ಅಂಟಿದ್ದ ಕೆನೆಯನ್ನು ನೆಕ್ಕಿದ.

ಮರೆತಿದ್ದೆ ಎಂದಿದ್ದರೆ ಥೋರಾ ಬೈದು ಸುಮ್ಮನಾಗುತ್ತಿದ್ದಳೇನೋ. ಆ ನಾಲಿಗೆ, ಆ ಕೆನೆ, ಆ ಮಾತು, ಮೂರೂ ಒಟ್ಟಿಗೆ ಅವಳಿಗೆ ಹೇಸಿಗೆ ಹುಟ್ಟಿಸಿದವು. ಹೊರಗಿನ ಗುಂಡಿಯಲ್ಲಿ ಕರುಳು ಕೊಳೆಯುವುದನ್ನು ಬಗ್ಗಿ ನೋಡಿದಾಗಲೂ ಹೀಗೆ ಅನ್ನಿಸಿರಲಿಲ್ಲ. ಇದೇ ಮನುಷ್ಯನ ಜೊತೆ ಅವಳು ವರ್ಷಗಟ್ಟಲೆ ಒಂದೇ ಮೇಜಿನಲ್ಲಿ ಊಟ ಮಾಡಿದ್ದಳು.

"ಯಂತ್ರ ನಿಲ್ಲಿಸೋಕೆ ಕ್ರೆಸ್ತೆನ್‌ಗೆ ಹೇಳು. ಕೋಣೆಗೆ ಗಾಳಿ ಆಡಿಸಿ, ಹಾಳೆ ನೆನೆಸಿ ಕೀಳಬೇಕು. ಈಗಲೇ."

"ಹುಚ್ಚಾ ನಿಂಗೆ? ಮೇಯರ್ ಬಂದಿದ್ದಾಳೆ. ನಾಳೆ ನೋಡೋಣ. ಇಷ್ಟು ದಿನ ಏನಾದ್ರೂ ಆಗಿದ್ಯಾ?" ಅವನು ಅವಳ ಹೆಗಲು ತಟ್ಟಿದ. "ಈಗ ನೀನು ಕೂಗಾಡಿದ್ರೆ ನಿನ್ನ ದೀಪಕ್ಕೇ ಕೆಟ್ಟ ಹೆಸರು. ಕಂಪನಿ ಮುಳುಗುತ್ತೆ, ಜೊತೆಗೆ ನೀನೂ."

ಅಷ್ಟರಲ್ಲಿ ಹಾಡು ಶುರುವಾಯಿತು. ಇನ್ನೊಬ್ಬರ ಹಾಡಿನ ನಡುವೆ ಬಾಯಿ ಹಾಕುವುದು ಈ ನಾಡಿನಲ್ಲಿ ಕಳ್ಳತನಕ್ಕಿಂತ ಕೀಳು. ಹಾಡು ಮುಗಿಯಲಿ, ಕ್ರೆಸ್ತೆನ್‌ಗೆ ತಾನೇ ಹೇಳುತ್ತೇನೆ ಎಂದುಕೊಂಡು ಅವಳೂ ಚೀಟಿ ಹಿಡಿದು ನಿಂತಳು. ಎಲುಬಿಲ್ಲದ ನಾಲಿಗೆಯ ಅಸ್ಗರ್ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ. ಎರಡನೆಯ ನುಡಿಗೆ ಥೋರಾ ಗಾಜಿನ ಗೋಡೆಯ ಕಡೆ ನೋಡಿದಳು.

ಐನಾರ್ ಮತ್ತೆ ಏಣಿ ಹತ್ತುತ್ತಿದ್ದ. ಕೈಯಲ್ಲಿ ಅದೇ ಉಣ್ಣೆ. ಅವನ ತಲೆಯ ಹಿಂದೆ, ಗೋಡೆಯ ಮೇಲೆ, ಅಲಾರಮ್ಮಿನ ಕೆಂಪು ಕಣ್ಣು ಮಿಟುಕುತ್ತಿತ್ತು. ಅದರ ಕಿರುಚಾಟ ಈಚೆಗೆ ಕೇಳಿಸುತ್ತಿರಲಿಲ್ಲ. ಹಾಡು ಅಷ್ಟು ಜೋರಾಗಿತ್ತು.

ಬಾಗಿಲ ಪಕ್ಕದಲ್ಲಿದ್ದ, ಯಂತ್ರ ನಿಲ್ಲಿಸುವ ಕೆಂಪು ಬಟನ್ನನ್ನು ಥೋರಾ ಅಂಗೈಯಿಂದ ಗುದ್ದಿದಳು. ಯಂತ್ರಗಳೆಲ್ಲ ಗಕ್ಕನೆ ನಿಂತವು. ಹಾಡು ಒಂದೊಂದೇ ಬಾಯಲ್ಲಿ ಸತ್ತಿತು. ಮೇಣದ ಬತ್ತಿಗಳನ್ನೆಲ್ಲ ಆರಿಸಿ ಎಂದು ಕೂಗಿ ಅವಳು ಬಾಗಿಲು ದೂಡಿ ಒಳಗೆ ನುಗ್ಗಿದಳು. "ಐನಾರ್! ಕೈ ತೆಗಿ! ಮುಟ್ಟಬೇಡ!"

ಹಾಳೆಗೆ ಒಂದು ಗೇಣು ದೂರದಲ್ಲಿ ಅವನ ಕೈ ನಿಂತಿತು. ಅವನು ಹೆದರಿ ಬಟ್ಟೆಯನ್ನು ಎದೆಗೆ ಒತ್ತಿಕೊಂಡ. "ಕ್ರೆಸ್ತೆನ್ನೇ ಹೇಳಿದ್ದು ಮಗಳೇ. ಮೇಯರ್ ಒಳಗೆ ನೋಡೋಕೆ ಬರ್ತಾರೆ, ಇನ್ನೊಂದ್ಸಲ ಉಜ್ಜು ಅಂದ."

ಬಾಗಿಲುಗಳನ್ನು ತೆಗೆದರು, ಫ್ಯಾನುಗಳು ಗುಡುಗಿದವು. ಜನ ಕೋಟು ಕೂಡ ಹಾಕಿಕೊಳ್ಳದೆ ಮಂಜಿನಲ್ಲಿ ಹೋಗಿ ನಿಂತರು. ಯಂತ್ರ ನಿಂತು ಹೆಚ್ಚಾದ ಗ್ಯಾಸು, ಅದನ್ನು ಸುಡಲೆಂದೇ ಹಿತ್ತಲಿನಾಚೆ ದೂರದಲ್ಲಿ ನಿಲ್ಲಿಸಿದ್ದ ಉದ್ದ ಕೊಳವೆಯ ತುದಿಯಲ್ಲಿ ಭುಗಿಲೆಂದು ಉರಿಯತೊಡಗಿತು. ಮೇಯರಮ್ಮ ಫೋನಿನಲ್ಲಿ ಅದರ ಚಿತ್ರ ತೆಗೆದಳು.

"ನೋಡಿದ್ಯಾ?" ಅಸ್ಗರ್ ಹಲ್ಲು ಕಚ್ಚಿ ಪಿಸುಗುಟ್ಟಿದ. "ಏನೂ ಆಗಲಿಲ್ಲ. ಏನೂ ಆಗದೇ ಇರೋದಕ್ಕೆ ನಮ್ಮ ಮರ್ಯಾದೆ ತೆಗೆದೆ. ನಾಳೆಯಿಂದ ಆಫೀಸಿಗೆ ಬರೋ ತೊಂದ್ರೆ ತಗೋಬೇಡ."

"ನಿನ್ನ ಮುಖ ನೋಡೋ ತೊಂದ್ರೆ ತಪ್ಪಿತು," ಎಂದಳು ಥೋರಾ. ತಿರುಗಿ, ಅವನಿಂದ ಎರಡು ಹೆಜ್ಜೆ ದೂರ ಹೋಗಿ, ಮಂಜು ಹಿಡಿದ ಬಿಳಿ ಹುಲ್ಲಿನ ಮೇಲೆ ಕ್ಯಾಕರಿಸಿ ಉಗುಳಿದಳು. ಮೇಯರಮ್ಮ ನೋಡಿದಳು. ನೋಡಲಿ.

ಅಲಾರಂ ಹಸಿರಾದ ಮೇಲೆ ಅವಳೂ ಕ್ರೆಸ್ತೆನ್ನೂ ಒಳಗೆ ಹೋದರು. ವಿಷಯ ಕೇಳಿದ ಕ್ರೆಸ್ತೆನ್ನನ ತುಟಿ ಒಣಗಿತ್ತು. ಅವನೇ ಬಕೆಟ್ಟು ಹಿಡಿದ. ಥೋರಾ ಒಂದೊಂದೇ ಹಾಳೆಯನ್ನು ನೀರಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿದಳು. ಒಂದೊಂದು ಹಾಳೆ ಕಳಚಿದಂತೆ ಜೇನಿನ ಬಣ್ಣ ಹೋಗಿ ಕೋಣೆ ಇದ್ದಹಾಗೆ ಕಂಡಿತು. ಗೋಡೆಯ ತುಂಬ ಕಪ್ಪು ಜಿಡ್ಡು, ಪೈಪಿನ ಸಂದಿಯಲ್ಲಿ ಹಸಿರು ಪಾಚಿ, ಸೋರಿದ ಜಾಗಕ್ಕೆ ಯಾರೋ ಸುತ್ತಿದ್ದ ಚಿಂದಿ, ಮೂಲೆಯಲ್ಲಿ ಸತ್ತು ಒಣಗಿದ ಇಲಿ.

"ಇಷ್ಟು ಗಲೀಜಿತ್ತಾ?" ಎಂದ ಕ್ರೆಸ್ತೆನ್.

ಥೋರಾ ಕೊನೆಯ ಹಾಳೆಯನ್ನೂ ಬಿಡಿಸಿದಳು. ಹಾಳೆಗಳನ್ನು ಬಕೆಟ್ಟಿಗೆ ಹಾಕಿ, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು.

ಜನ ಹೊರಟುಹೋಗಿದ್ದರು. ಹಿತ್ತಲಿನಲ್ಲಿ ಐನಾರ್ ಉಳಿದ ಕೇಕನ್ನು ಗುಂಡಿಗೆ ಸುರಿಯಲು ತಂದಿದ್ದ. ಇಲ್ಲಿ ಮಿಕ್ಕಿದ್ದೆಲ್ಲ ಹೋಗುವುದು ಅಲ್ಲಿಗೇ. ಕಡ್ಡಿ ಪಂಪಿಗೆ ಸಿಕ್ಕಿಕೊಳ್ಳುತ್ತದೆಂದು ಬಾವುಟಗಳನ್ನು ಮೊದಲು ಕಿತ್ತು ಜೇಬಿಗೆ ಹಾಕಿಕೊಂಡ. ಕೆನೆ ಕೇಕು ಕರುಳಿನ ಮೇಲೆ ಬಿದ್ದು, ತುಸು ಹೊತ್ತು ಬೆಳ್ಳಗೆ ತೇಲಿ, ಮುಳುಗಿತು.

"ಆ ನೀಲಿ ಕಿಡಿ," ಐನಾರ್ ಗುಂಡಿಯನ್ನೇ ನೋಡುತ್ತ ಕೇಳಿದ, "ಅದು ಸಾಕಾಗ್ತಿತ್ತಾ?"

"ಸಾಕಾಗ್ತಿತ್ತು."

ಅವನು ಗುಂಡಿಯಿಂದ ಹಿಂದೆ ಸರಿದ. ಸ್ವೆಟರಿನ ತೋಳನ್ನು ಜೇಬಿನಿಂದ ತೆಗೆದು ನಲ್ಲಿಯ ಕೆಳಗೆ ಹಿಡಿದ. ಕೊರೆಯುವ ನೀರು ಕೈಯ ಮೇಲೆ ಹರಿದು ಬೆರಳುಗಳು ಕೆಂಪಾದವು. ಬಟ್ಟೆ ಪೂರ್ತಿ ನೆಂದು ತೊಟ್ಟಿಕ್ಕುತ್ತಿದ್ದರೂ ಅವನು ನಲ್ಲಿಯನ್ನು ನಿಲ್ಲಿಸಲಿಲ್ಲ.