ಕ್ಲಾರಿಯ ಹೆಸರಿಗೆ ಬಿದ್ದ ಹನ್ನೊಂದು ಬ್ರೇಕುಗಳು

ವಿಮೆ ಕಂಪನಿಯ ಪತ್ರ ಬಂದ ದಿನವೇ ಬ್ರೆಂಡನ್ ಟಿಲ್ಲಿ ಬಾಯಿ ಬಿಟ್ಟಿದ್ದರೆ ಎರಡು ಮಾತು ಬೈಸಿಕೊಂಡು ಮುಗಿದುಹೋಗುತ್ತಿತ್ತು. ಅವನು ಬಿಡಲಿಲ್ಲ.

ಅಲ್ವರ್‌ಸ್ಟನ್ ಊರಿನ ಅವನ ಮನೆಯಲ್ಲಿದ್ದವರು ಮೂವರು: ಬ್ರೆಂಡನ್, ಹೆಂಡತಿ ಲೀಯನ್, ಅವಳ ಅಪ್ಪ ಕ್ಲಾರಿ. ಕಾರು ಒಂದೇ. ಲೀಯನ್ ತಾನು ಕೆಲಸ ಮಾಡುವ ಶಾಲೆ ಹತ್ತಿರವಿದ್ದುದರಿಂದ ನಡೆದೇ ಹೋಗುತ್ತಿದ್ದಳು. ಓಡಿಸುತ್ತಿದ್ದವರು ಮಾವ ಅಳಿಯ ಇಬ್ಬರೇ. ಎಪ್ಪತ್ತೊಂಬತ್ತರ ಕ್ಲಾರಿ ಮೂವತ್ತನಾಲ್ಕು ವರ್ಷ ಹಾಲಿನ ಟ್ಯಾಂಕರ್ ಓಡಿಸಿದವರು. ಈಗ ವಾರಕ್ಕೆ ಮೂರು ಸಲದ ಡಯಾಲಿಸಿಸ್‌ನಲ್ಲಿ ಬುಧವಾರದ್ದಕ್ಕೆ ಗೆಳೆಯ ಮರ್ವ್‌ನನ್ನು ಪಕ್ಕದ ಊರು ಬರ್ನಿಯ ಆಸ್ಪತ್ರೆಗೆ ಕರೆದೊಯ್ಯುವುದೇ ಅವರ ವಾರದ ದೊಡ್ಡ ಕೆಲಸ. ಅಂದು ಮಾತ್ರ ಬ್ರೆಂಡನ್ ಜೊತೆಗಾರನೊಬ್ಬನ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ.

ಚಳಿಗಾಲದಲ್ಲಿ ಲೀಯನ್ ಹೊಸ ಬಗೆಯ ವಿಮೆ ಮಾಡಿಸಿದ್ದಳು. ಕಾರಿನೊಳಗೆ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ ಕೂರಿಸುತ್ತಾರೆ. ವೇಗ, ಗಕ್ಕನೆ ಹಾಕಿದ ಬ್ರೇಕು, ರಭಸದ ತಿರುವು ಎಲ್ಲವನ್ನೂ ಅದು ಬರೆದಿಟ್ಟುಕೊಳ್ಳುತ್ತದೆ. ಮೂರು ತಿಂಗಳು ನಯವಾಗಿ ಓಡಿಸಿದರೆ ಮುಂದಿನ ವರ್ಷದ ಕಂತಿನಲ್ಲಿ ಒಳ್ಳೇ ರಿಯಾಯಿತಿ. "ನಮ್ಮಪ್ಪ ಇರುವಾಗ ರಿಯಾಯಿತಿ ಎಲ್ಲಿಗೆ ಹೋಗತ್ತೆ!" ಅಂದಿದ್ದಳು.

ಪತ್ರ ಬೇರೆಯೇ ಹೇಳಿತು. ಹನ್ನೊಂದು ಸಲ ಗಕ್ಕನೆ ಬ್ರೇಕು, ಒಂಬತ್ತು ಸಲ ಅತಿವೇಗ, ರಿಯಾಯಿತಿ ಇಲ್ಲ. ಯಾವ ದಿನ ಎಂದು ಬರೆದಿರಲಿಲ್ಲ.

ಲೀಯನ್ ಅಪ್ಪನ ಕಡೆ ನೋಡಿದಳು. "ಅಪ್ಪಾ, ಬೇಜಾರು ಮಾಡ್ಕೋಬೇಡ. ಬುಧವಾರ ದಾರೀಲಿ ಏನಾದ್ರೂ... ಎದುರು ಬಂದದ್ದು ಕಾಣದೆ..."

ಕ್ಲಾರಿ ಚಹಾದ ಲೋಟ ಕೆಳಗಿಟ್ಟರು. "ನೆನಪಿಲ್ಲ ಕಣೇ. ಇದ್ರೂ ಇರಬಹುದು. ನನಗೇ ಗೊತ್ತಾಗ್ತಿಲ್ಲ ಅಂದ್ರೆ ಅದು ಇನ್ನೂ ಕೆಟ್ಟದ್ದು."

ಬ್ರೆಂಡನ್‌ಗೆ ಎಲ್ಲ ಗೊತ್ತಿತ್ತು. ತರಕಾರಿ ಕಾರ್ಖಾನೆಯ ಬೆಳಗಿನ ಪಾಳಿಗೆ ತಡವಾಗಿ ಏಳುವವನು ಅವನು. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಫೋನು. ತಲೆ ಎತ್ತುವಷ್ಟರಲ್ಲಿ ಮುಂದೆ ಆಲೂಗಡ್ಡೆ ಲಾರಿ. ಬ್ರೇಕಿನ ಮೇಲೆ ನಿಂತೇಬಿಟ್ಟ ಆ ಬೆಳಗುಗಳು ಅವನ ಮೈಗೆ ನೆನಪಿದ್ದವು. ಆದರೆ ಫೋನಿನ ವಿಷಯಕ್ಕೆ ಲೀಯನ್ ಹಿಂದೆ ಎರಡು ಸಲ ಜಗಳವಾಡಿದ್ದಳು. ಅವನು ಟೋಸ್ಟಿಗೆ ಬೆಣ್ಣೆ ಸವರುತ್ತಾ ಕೂತ.

ಮರುದಿನ ಕ್ಲಾರಿ ತಮ್ಮ ಬಳಿಯಿದ್ದ ಕಾರಿನ ಕೀಯನ್ನು ಮಗಳ ಕೈಗಿತ್ತರು. ಯಾರೂ ಕೇಳಿರಲಿಲ್ಲ. ತಾವಾಗಿಯೇ ಕಣ್ಣಿನ ವೈದ್ಯರಲ್ಲಿಗೆ ಹೋಗಿಬಂದರು.

"ಏನಂದ್ರು?" ಬ್ರೆಂಡನ್ ಕೇಳಿದ.

"ಕಣ್ಣು ಚೆನ್ನಾಗಿದೆಯಂತೆ. ಮುದುಕ ನೊಂದ್ಕೋತಾನೆ ಅಂತ ಹಾಗಂದಿರ್ಬೇಕು, ಮಾರಾಯ."

ಆಗಲೂ ಹೇಳಬಹುದಿತ್ತು. ಅವನು ಎದ್ದು ಚಹಾಕ್ಕೆ ನೀರಿಟ್ಟ. ಮರ್ವ್ ಈಗ ಬುಧವಾರ ಸ್ವಯಂಸೇವಕರ ವ್ಯಾನಿನಲ್ಲಿ ಊರೂರು ಸುತ್ತಿ ಸೊರಗಿ ಮನೆ ಸೇರುತ್ತಾನೆಂದು ಕೇಳಿದಾಗ ಬ್ರೆಂಡನ್ ಊಟದ ತಟ್ಟೆ ಬದಿಗೆ ಸರಿಸಿದ. ಬುಧವಾರಗಳಲ್ಲಿ ಕ್ಲಾರಿ ಹತ್ತಕ್ಕೆ ಶರ್ಟು ಇಸ್ತ್ರಿ ಮಾಡಿ ಹಾಕಿಕೊಂಡು ಅಂಗಳದ ಬೆಂಚಿನ ಮೇಲೆ ಸುಮ್ಮನೆ ಕೂರುತ್ತಿದ್ದರು.

ಐದನೆಯ ವಾರ, ಶನಿವಾರ, ಕ್ಲಾರಿ ಹಿತ್ತಲಲ್ಲಿ ಅವರೆ ಬಳ್ಳಿಗೆ ಕೋಲು ನೆಡುತ್ತಿದ್ದರು. ಬ್ರೆಂಡನ್ ಫೋನು ಹಿಡಿದು ಹೋಗಿ ನಿಂತ. ಕಂಪನಿಯ ಆ್ಯಪ್‌ನಲ್ಲಿ ಒಂದೊಂದು ಓಡಾಟವೂ ದಿನಾಂಕದೊಂದಿಗೆ ಸಿಗುತ್ತದೆ. ಲೀಯನ್ ಅದನ್ನು ತೆರೆದು ನೋಡಿರಲಿಲ್ಲ.

"ಕ್ಲಾರಿ, ಇದನ್ನ ನೋಡಿ. ನಿಮ್ಮ ಬುಧವಾರಗಳು. ಒಂದೇ ಒಂದು ತಪ್ಪಿಲ್ಲ. ಹನ್ನೊಂದು ಬ್ರೇಕು, ಒಂಬತ್ತು ಅತಿವೇಗ, ಎಲ್ಲ ನನ್ನವು. ಪತ್ರ ಬಂದಾಗ್ಲೇ ಗೊತ್ತಿತ್ತು ನಂಗೆ."

ಕ್ಲಾರಿ ಕನ್ನಡಕ ಏರಿಸಿ ಒಂದೊಂದೇ ಬುಧವಾರ ನೋಡಿದರು.

"ಅವಳು ಬೈದ್ರೆ ನೀನು ಬೈಸ್ಕೋತಿದ್ದೆ, ಅಷ್ಟೇ ಅಲ್ವೇನೋ?"

"ಹೂಂ."

"ಕಾರು ಹೋದ್ರೆ ಹೋಯ್ತು. ನನಗೆ ಅರಳುಮರಳು ಬರ್ತಾ ಇದೆ ಅಂತ ನಾನು ರಾತ್ರಿಯೆಲ್ಲ ನಿದ್ದೆಗೆಟ್ಟಿದೀನಲ್ಲ, ಅದನ್ನ ನೋಡ್ತಾ ಇದ್ಯಲ್ಲ ನೀನು."

ಬ್ರೆಂಡನ್ ತಲೆ ತಗ್ಗಿಸಿದ. ಕ್ಷಮಿಸಿ ಅಂದದ್ದು ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

"ಒಳಗೆ ಹೋಗಿ ಅವಳಿಗೆ ನೀನೇ ಹೇಳು," ಎಂದು ಕ್ಲಾರಿ ಮತ್ತೆ ಕೋಲು ಕೈಗೆತ್ತಿಕೊಂಡರು.

ಹೇಳಿದ. ಲೀಯನ್ ಕೂಗಾಡಲಿಲ್ಲ. ಅಪ್ಪನ ಬಳಿ ಹೋಗಿ, ತಾನೂ ಅನುಮಾನಪಟ್ಟೆನಲ್ಲ ಎಂದು ಅತ್ತಳು. ಗಂಡನೊಂದಿಗೆ ಎರಡು ದಿನ ಮಾತಾಡಲಿಲ್ಲ.

ಬುಧವಾರ ಲೀಯನ್ ಕೀಯನ್ನು ಅಪ್ಪನಿಗೆ ಮರಳಿಸಿದಳು. ಬ್ರೆಂಡನ್ ಪಾಳಿ ಬದಲಿಸಿಕೊಂಡು ಕಾರಿನಲ್ಲಿ ಮಾವನ ಪಕ್ಕ ಕೂತ. ಎಲ್ಲ ಸರಿಹೋಯಿತೆಂದೇ ಅವನೆಣಿಕೆ. ಆದರೆ ಹೆದ್ದಾರಿ ಸೇರುವಲ್ಲಿ ದಾರಿ ಖಾಲಿಯಿದ್ದರೂ ಕ್ಲಾರಿ ಎರಡು ಸಲ ನಿಂತರು.

"ಎಡಕ್ಕೆ ಯಾರೂ ಇಲ್ಲ ತಾನೇ?"

"ಇಲ್ಲ, ಕ್ಲಾರಿ. ನೀವೇ ನೋಡಿದ್ರಲ್ಲ."

"ನೋಡಿದೆ. ನೀನೂ ಒಂದ್ಸಲ ನೋಡು."

ಟ್ಯಾಂಕರ್ ಓಡಿಸಿದ ಆ ಕೈಗಳು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಿದ್ದವು. ಬ್ರೆಂಡನ್ ಎಡಕ್ಕೆ ತಿರುಗಿ ನೋಡಿದ. "ಖಾಲಿಯಿದೆ," ಅಂದ. ಬರ್ನಿಯವರೆಗೂ ತಿರುವು ತಿರುವಿಗೆ ಹಾಗೇ ಹೇಳುತ್ತಾ ಹೋದ. ಹಿಂದಿನ ಸೀಟಿನಲ್ಲಿ ಮರ್ವ್ ಕಣ್ಣು ಮುಚ್ಚಿ ಒರಗಿದ್ದ.