ಲಾಂಡ್ರಿ ತಾರಸಿಯ ಕಡಲಹಕ್ಕಿಗಳು

ಆಸ್ಪತ್ರೆಯ ಚಾದರಗಳ ಮೂಟೆ ಆ ವಾರ ಎರಡನೆಯ ಸಲ ಲಾಂಡ್ರಿಗೆ ವಾಪಸು ಬಂತು. ಒಗೆದು ಒಣಗಿಸಿದ ಬಿಳಿ ಬಟ್ಟೆಯ ಮೇಲೆ ಅಲ್ಲಲ್ಲಿ ಹಕ್ಕಿಯ ಹಿಕ್ಕೆ. ಮೂಟೆಯ ಜೊತೆ ಆಸ್ಪತ್ರೆ ಉಗ್ರಾಣದ ಮೇಡಂ ಅವರ ಮಾತೂ ಬಂತು. ಇನ್ನೊಂದು ಸಲ ಹೀಗಾದರೆ ಬೇರೆ ಲಾಂಡ್ರಿ ನೋಡಿಕೊಳ್ಳುತ್ತಾರಂತೆ. ಲಾಂಡ್ರಿಯ ಮುಕ್ಕಾಲು ಪಾಲು ಕೆಲಸ ಆಸ್ಪತ್ರೆಯದೇ. ಅದು ಕೈಬಿಟ್ಟರೆ ಲಾಂಡ್ರಿ ನಡೆಸುವ ಗಂಡಹೆಂಡಿರು ಬಾಗಿಲು ಹಾಕಿಕೊಂಡು ಕೂರಬೇಕು.

ಲಾಂಡ್ರಿಯವನನ್ನು ಬೀದಿಯವರು ಇಸ್ತ್ರಿಯಣ್ಣ ಎನ್ನುತ್ತಿದ್ದರು. ಅವನ ಕತ್ತು ಗಂಜಿ ಹಾಕಿದ ಕಾಲರಿನಂತೆ, ಯಾರ ಮಾತಿಗೂ ಬಗ್ಗುವಂಥದ್ದಲ್ಲ. ಬಂದರು ಹತ್ತಿರವೇ ಇದ್ದುದರಿಂದ ಕಡಲಹಕ್ಕಿಗಳು ಮೊದಲಿನಿಂದಲೂ ತಾರಸಿಯ ಮೇಲೆ ಸುಳಿದಾಡುತ್ತಿದ್ದವು. ಅವನು ಅದಕ್ಕೊಂದು ಉಪಾಯ ಹೂಡಿದ್ದ. ಬಟ್ಟೆ ಹಗ್ಗದಿಂದ ದೂರದ ಮೂಲೆಯಲ್ಲಿ ಒಂದು ಹಳೆಯ ಬೇಸಿನ್ ಇಟ್ಟು, ಮಧ್ಯಾಹ್ನ ಮಿಕ್ಕ ಊಟವನ್ನೆಲ್ಲ ಅದಕ್ಕೆ ಸುರಿಯುತ್ತಿದ್ದ. ಹೊಟ್ಟೆ ತುಂಬಿದರೆ ಅಲ್ಲೇ ಬಿದ್ದಿರುತ್ತವೆ, ಚಾದರದ ಕಡೆ ಬರುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ಎರಡಿದ್ದ ಹಕ್ಕಿ ಇಪ್ಪತ್ತಾದವು. ಎರಡು ವಾರದಿಂದ ಅವನು ತಾರಸಿಗೆ ಕಾಲಿಟ್ಟರೆ ಸಾಕು, ಒಂದು ಹಕ್ಕಿ ಹಿಂದಿನಿಂದ ಬಂದು ತಲೆಗೆ ಕುಕ್ಕಿ ಹೋಗುತ್ತಿತ್ತು.

ಮೂಟೆ ವಾಪಸಾದ ದಿನ ಅವನು ಇಲಿ ಪಾಷಾಣ ತಂದ. ಹೆಂಡತಿ ಅವನೊಡನೆ ವಾದಕ್ಕಿಳಿಯಲಿಲ್ಲ, ಸುಮ್ಮನೆ ಅವನ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ನಗರಸಭೆಯ ಕಸದ ಲಾರಿ ಓಡಿಸುವವಳು. ಕೆಲಸ ಮುಗಿಸಿ ಅದೇ ಬೂಟಿನಲ್ಲಿ ಬಂದಳು.

"ಇವತ್ತು ಬೇಸಿನ್ ಊಟಕ್ಕೆ ಬೆರೆಸಿಟ್ರೆ ನಾಳೆ ತಾರಸಿ ಖಾಲಿ," ಅಂದ ತಮ್ಮ.

"ಖಾಲಿ ಆಗತ್ತೆ. ವಿಷ ತಿಂದ ಹಕ್ಕಿ ಹಾರಿ ಹೋಗಿ ಆಸ್ಪತ್ರೆ ಅಂಗಳದಲ್ಲಿ ಬಿದ್ರೆ? ಅದನ್ನ ಬೆಕ್ಕು ತಿಂದ್ರೆ? ಊಟ ಹಾಕಿ ಕರೆಯೋನೂ ನೀನೇ, ವಿಷ ಹಾಕೋನೂ ನೀನೇ. ಚೆನ್ನಾಗಿದೆ ನಿನ್ನ ನ್ಯಾಯ."

"ಲಾರಿ ಬಿಟ್ಟು ಹಕ್ಕಿಗಳ ವಕೀಲಿಕೆ ಹಿಡಿದ್ಯಾ ಅಕ್ಕಾ?"

"ಅವುಗಳ ಊಟದ ಗಾಡಿ ಓಡಿಸೋಳು ನಾನು. ತೊಟ್ಟಿ ಮುಚ್ಚಿರೋ ಬೀದೀಲಿ ಅವು ನಿಲ್ಲಲ್ಲ. ಬಾಯಿ ತೆರೆದಿರೋ ತೊಟ್ಟಿ ಕಂಡ್ರೆ ನನಗಿಂತ ಮೊದಲೇ ಹಾಜರು. ಈ ಇಪ್ಪತ್ತನ್ನ ಕೊಂದ್ರೂ ನಿನ್ನ ಬೇಸಿನ್ ನೋಡಿ ಬೇರೆ ಇಪ್ಪತ್ತು ಬರ್ತವೆ."

ಹಾಗಾದರೆ ಹಕ್ಕಿ ಹೆದರಿಸುವ ಪ್ಲಾಸ್ಟಿಕ್ ಗೂಬೆಯನ್ನೇ ಮತ್ತೆ ಕೂರಿಸೋಣ ಎಂದ. ಕಳೆದ ವರ್ಷದ ಗೂಬೆಯ ತಲೆಯ ಮೇಲೆ ನಾಲ್ಕನೆಯ ದಿನವೇ ಹಕ್ಕಿ ಕೂತಿದ್ದನ್ನು ಹೆಂಡತಿ ನೆನಪಿಸಿದಳು.

ಅಕ್ಕ ಒಂದು ಕೋಲನ್ನು ತಲೆಗಿಂತ ಎತ್ತರ ಹಿಡಿದು ತಾರಸಿ ಹತ್ತಿದಳು. ಹಕ್ಕಿ ಎರಗಿತು, ಆದರೆ ಎರಗಿದ್ದು ಎಲ್ಲಕ್ಕಿಂತ ಎತ್ತರದಲ್ಲಿದ್ದ ಕೋಲಿನ ತುದಿಗೆ. ನೀರಿನ ಟ್ಯಾಂಕಿನ ಹಿಂದೆ ಬೂದುಬಣ್ಣದ ಎರಡು ಮರಿಗಳು ಅವಿತಿದ್ದವು. ತಾಯಿತಂದೆ ಎರಗುವುದು ಇವುಗಳಿಗಾಗಿ ಎಂದು ದೂರದಿಂದಲೇ ತೋರಿಸಿದಳು. ಇನ್ನು ಮೂರುನಾಲ್ಕು ವಾರದಲ್ಲಿ ಮರಿಗಳು ಹಾರುತ್ತವೆ, ಆಮೇಲೆ ಈ ಕಾಟವಿಲ್ಲ. ಮೊಟ್ಟೆ ಮರಿ ಇರುವ ಗೂಡನ್ನು ಮುಟ್ಟಬಾರದು, ಎಷ್ಟೋ ಕಡೆ ಅದು ಅಪರಾಧ, ಏನು ಮಾಡುವುದಿದ್ದರೂ ಮೊದಲು ನಗರಸಭೆಯನ್ನು ಕೇಳಬೇಕು ಎಂದಳು. ಜೋಡಿ ಮುಂದಿನ ವರ್ಷವೂ ಇದೇ ಜಾಗ ಹುಡುಕಿಕೊಂಡು ಬರುತ್ತದೆ. ಆದ್ದರಿಂದ ಗೂಡು ಕಟ್ಟುವ ಮೊದಲೇ ಟ್ಯಾಂಕಿನ ಸುತ್ತ ಒಂದು ಬಲೆಯನ್ನು ಹಕ್ಕಿ ಸಿಕ್ಕಿಕೊಳ್ಳದ ಹಾಗೆ ಬಿಗಿಯಾಗಿ ಕಟ್ಟಬೇಕು.

"ಅಲ್ಲೀತನಕ ಚಾದರಾನ ನನ್ನ ತಲೆ ಮೇಲೆ ಒಣಗಿಸ್ಲಾ?"

"ಒಳಗೆ ಒಣಗಿಸು. ಇಸ್ತ್ರಿ ಮೇಜುಗಳನ್ನ ಗೋಡೆಗೆ ತಳ್ಳು, ಹಗ್ಗ ಕಟ್ಟು, ಫ್ಯಾನ್ ಹಾಕು. ಒಂದು ತಿಂಗಳು ಮೈ ಮುದುರಿಕೊಂಡು ಕೆಲಸ ಮಾಡಿದ್ರೆ ಸವೆದು ಹೋಗಲ್ಲ."

ಇಸ್ತ್ರಿಯಣ್ಣ ಸಂಜೆಯವರೆಗೂ ಗೊಣಗಿದ. ಕೊನೆಗೆ ಬೇಸಿನ್ನನ್ನು ತಾನೇ ಕೆಳಗಿಳಿಸಿದ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಒಣಗಿದ ಹಿಕ್ಕೆಯ ದೂಳು ಏಳದಂತೆ ನೀರು ಹಾಕಿ ನೆನೆಸಿ, ಮರಿಗಳಿದ್ದ ಕಡೆಯೊಂದನ್ನು ಬಿಟ್ಟು ತಾರಸಿ ತೊಳೆದ.

ಮೊದಲ ಮೂರು ದಿನ ಹಕ್ಕಿಗಳ ಗಲಾಟೆ ಇಮ್ಮಡಿಯಾಯಿತು. ಊಟವಿಲ್ಲದೆ ಕಿರುಚಾಡಿದವು. ಅವನ ಕೈ ಪಾಷಾಣದ ಪೊಟ್ಟಣದ ಕಡೆ ಹೋಯಿತು. ಇನ್ನೆರಡು ದಿನ ನೋಡೋಣ ಎಂದು ಹೆಂಡತಿ ಪೊಟ್ಟಣ ಕಿತ್ತುಕೊಂಡು ಎತ್ತಿಟ್ಟಳು. ವಾರ ಕಳೆಯುವುದರಲ್ಲಿ ಹಿಂಡು ಚದುರಿ, ಮರಿಗಳ ತಾಯಿತಂದೆ ಮಾತ್ರ ಉಳಿದವು.

ಒಳಗೆ ಒಣಗಿದ ಮೂಟೆಯನ್ನು ಅವನೇ ಆಸ್ಪತ್ರೆಗೆ ಹೊತ್ತೊಯ್ದ. ಉಗ್ರಾಣದ ಮೇಡಂ ಒಂದೊಂದೇ ಚಾದರ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಕೊನೆಯ ಚಾದರ ಮಡಿಸಿಟ್ಟು ಅವರು ಕೇಳಿದ್ದು ಇಷ್ಟೇ:

"ಸೋಮವಾರದ ಮೂಟೆ ಎಷ್ಟೊತ್ತಿಗೆ ತಗೊಂಡು ಹೋಗ್ತೀರಿ?"

ಮರಿಗಳು ಹಾರಿಹೋದವು. ಮುಂದಿನ ವರ್ಷ ಜೋಡಿ ಬರುವ ಮೊದಲೇ ಟ್ಯಾಂಕಿನ ಸುತ್ತ ಬಲೆ ಬಿತ್ತು.

ಓದುತ್ತಿರುವವರೇ, ಕಡಲಹಕ್ಕಿಗೆ ನಿಮ್ಮ ಮೇಲೆ ಹಗೆಯಿಲ್ಲ. ಸುಲಭದ ಊಟ, ಮರಿಗೆ ಒಂದು ಜಾಗ, ಅಷ್ಟೇ ಅದಕ್ಕೆ ಬೇಕಾದದ್ದು. ಎರಡನ್ನೂ ಕೊಡುತ್ತಿರುವವರು ನಾವು. ರಸ್ತೆಯಲ್ಲಿ ಎಂಜಲು ಎಸೆಯಬೇಡಿ, ತಾರಸಿಯಲ್ಲಿ ಊಟ ಇಡಬೇಡಿ, ವಿಷದ ಮಾತಂತೂ ಬೇಡವೇ ಬೇಡ. ಮರಿಗಳ ಕಾಲದಲ್ಲಿ ಕೊಡೆ ಹಿಡಿದು ಓಡಾಡಿ. ಬಲೆ ಕಟ್ಟುವುದಿದ್ದರೆ ಹಕ್ಕಿ ಗೂಡು ಮಾಡುವ ಮುಂಚೆ ಕಟ್ಟಿ. ಈಗಲೇ ಎದ್ದು ಹೋಗಿ ನಿಮ್ಮ ಕಸದ ಡಬ್ಬಿ ಮುಚ್ಚಿದೆಯೇ ನೋಡಿ. ಅದನ್ನು ಮುಚ್ಚಲಾಗದಿದ್ದರೆ, ಹಕ್ಕಿಗೆ ಬೈಯುವ ಬಾಯನ್ನಾದರೂ ಮುಚ್ಚಿ.