ಕೂದಲೆಳೆಯಷ್ಟು ಸಡಿಲ

ಬಡಗಿಗೆ ಸಾಕುಸಾಕಾಗಿತ್ತು. ಅವನ ಹಾಯಿದೋಣಿಗೆ ಮೂವತ್ತೆಂಟು ವರ್ಷ. ಕಿಟಕಿಗಳು ಮಂಜಾಗಿ, ಸೀಳು ಬಿಟ್ಟು ಸೋರುತ್ತಿದ್ದವು. ಹೋದ ಸಲ ಅಲೆಯ ನೀರು ನೇರ ಹೆಂಡತಿಯ ಹಾಸಿಗೆಗೇ ಸುರಿದಿತ್ತು.

"ಇನ್ನೊಂದು ಸಲ ನೆನೆದೆನೋ, ನಿನ್ನ ದೋಣಿಗೆ ದೊಡ್ಡ ನಮಸ್ಕಾರ. ಒಬ್ಬನೇ ತೇಲಾಡ್ಕೊಂಡಿರು," ಎಂದಿದ್ದಳು. ಹೇಳಿದ್ದನ್ನು ಮಾಡುವವಳೇ. ಅವಳಿಲ್ಲದೆ ಆ ದೋಣಿಯಲ್ಲಿ ಅವನಿಗಾದರೂ ಏನು ಕೆಲಸ?

ಕಿಟಕಿಗೆಂದು ಅಂಗಡಿಯವನು ಗಾಜಿನಂಥ ಎರಡು ಪ್ಲಾಸ್ಟಿಕ್ ಹಾಳೆ ತಂದಿಟ್ಟ. "ಇದು ಪಾಲಿಕಾರ್ಬೊನೇಟು. ಸುತ್ತಿಗೇಲಿ ಹೊಡೀರಿ, ಜಪ್ಪಯ್ಯ ಅನ್ನಲ್ಲ. ಆದ್ರೆ ಬಿಸಿಲಿಗೆ ಕೆಲವೇ ವರ್ಷದಲ್ಲಿ ಮಬ್ಬಾಗುತ್ತೆ. ಇದು ಅಕ್ರಿಲಿಕ್ಕು. ಬಹಳ ಕಾಲ ತಿಳಿಯಾಗಿರುತ್ತೆ, ಬಿಗಿದ್ರೆ ಮಾತ್ರ ಬಿರುಕು ಬಿಡುತ್ತೆ."

ಬಡಗಿ ಎರಡನ್ನೂ ಬೆಳಕಿಗೆ ಹಿಡಿದು ಹಿಡಿದು ಕಣ್ಣು ನೋಯಿಸಿಕೊಂಡ. ಹೆಂಡತಿ ಮಲಗಿಕೊಂಡೇ ಸಮುದ್ರ ನೋಡುವವಳು. ಅಕ್ರಿಲಿಕ್ಕೇ ಇರಲಿ ಎಂದ.

"ತೂತು ಬೋಲ್ಟಿಗಿಂತ ದೊಡ್ಡದು ಕೊರೀರಿ. ಬಿಸಿಲಿಗೆ ಹಾಳೆ ಹಿಗ್ಗುತ್ತೆ, ಅದಕ್ಕೆ ಜಾಗ ಬೇಕು. ನೀರು ತಡೆಯೋಕೆ ಅಂಟು ಇದ್ದೇ ಇದೆ."

"ಆಯ್ತಪ್ಪ," ಎಂದನೇ ಹೊರತು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ನಲವತ್ತು ವರ್ಷ ಬಾಗಿಲು ಕೂರಿಸಿದ ಕೈ; ಅವನು ಕೂಡಿಸಿದ ಮರದ ಸಂದಿನೊಳಗೆ ಕೂದಲೆಳೆಯೂ ತೂರದು. ಸಡಿಲ ತೂತು ಎಂದರೆ ಮೈಯೆಲ್ಲ ಉರಿ. ನಿನ್ನೆ ಮೊನ್ನೆ ಅಂಗಡಿ ತೆರೆದವನು ಇವನಿಗೆ ತೂತು ಕೊರೆಯುವುದನ್ನು ಹೇಳಿಕೊಡುವುದೇ!

ಸೊಂಟ ಹಿಡಿದುಕೊಂಡು ಎರಡು ದಿನ ಕೊರೆದ. ಬೋಲ್ಟುಗಳು ಗಟ್ಟಿಯಾಗಿ ಕೂತವು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಕಿಟಕಿ ಇದೆಯೋ ಇಲ್ಲವೋ ಅನ್ನುವಷ್ಟು ತಿಳಿ. ಮಧ್ಯಾಹ್ನ ಬಾ ಎಂದು ಹೆಂಡತಿಗೆ ಫೋನು ಮಾಡಿದ.

ಬಿಸಿಲೇರಿತು. ಟಿಕ್ ಎಂದಿತು. ಅವಳ ಹಾಸಿಗೆಯ ಮೇಲಿನ ಕಿಟಕಿಯಲ್ಲೇ, ಬೋಲ್ಟಿನಿಂದ ಬೋಲ್ಟಿಗೆ ಒಂದು ಬಿರುಕು.

ಅಯ್ಯೋ ಕರ್ಮವೇ! ಅಂಟು ಮೆತ್ತಿ ಮುಚ್ಚಿಬಿಡಲೇ? ಹಾಳೆಯೇ ಸರಿಯಿಲ್ಲ ಅನ್ನಲೇ? ಸುಳ್ಳು ಹೇಳುವುದಕ್ಕೂ ಮೈಯಲ್ಲಿ ಕಸುವಿರಲಿಲ್ಲ.

ಹೆಂಡತಿ ದಿಂಬನ್ನು ಬಗಲಲ್ಲಿಟ್ಟುಕೊಂಡು ಒಳಗಿಳಿದಳು. ಬಿರುಕಿನ ಮೇಲೆ ಬೆರಳಾಡಿಸಿದಳು.

"ಅಂಗಡಿಯವನು ಸಡಿಲ ಬಿಡಿ ಅಂದಿದ್ದ. ನಾನೇ ಕೇಳಲಿಲ್ಲ. ತಪ್ಪು ನಂದು," ಎಂದ ಬಡಗಿ.

ಮದುವೆಯಾದಾಗಿನಿಂದ ಅವನ ಬಾಯಿಂದ ಆ ಮಾತು ಬಂದಿದ್ದು ಅದೇ ಮೊದಲು. ಅವಳು ದಿಂಬನ್ನು ಬಗಲಲ್ಲಿ ಸರಿಮಾಡಿಕೊಂಡಳು. ಈಗ ಹತ್ತಿ ಹೋಗುತ್ತಾಳೆ ಎಂದುಕೊಂಡು ಅವನು ತಲೆ ತಗ್ಗಿಸಿದ. ಅವಳು ಎದುರು ಬದಿಯ ಒಣ ಹಲಗೆಯ ಮೇಲೆ ದಿಂಬನ್ನಿಟ್ಟಳು.

"ಇನ್ನೊಂದು ಹಾಳೆ ತಗೊಂಡು ಬಾ," ಎಂದಳು. "ಉಳಿದ ತೂತುಗಳೂ ದೊಡ್ಡದಾಗ್ಬೇಕಲ್ಲ. ನಾನು ಕೊರೀತೀನಿ, ನೀನು ಸುಮ್ನೆ ಹಿಡ್ಕೊ."